ಪರೀಕ್ಷೆಗೆ ಕೂರದ ಹನಿ

ನಮ್ಮ ಮಲೆನಾಡಿನಲ್ಲಿ ಕಣ್ಣಿನ ವಿಷಯ ಬಂದರೆ ಎಲ್ಲರೂ ಪಂಡಿತರೇ. ‘ಯಾಕೋ ಕಣ್ಣು ಮಂಜು’ ಎಂದು ಬಾಯಿಬಿಟ್ಟು ನೋಡಿ. ಸಾಗರದ ಮಾರಿಗುಡಿಯ ಮುಂದೆ ಹೂವು ಕೊಳ್ಳುವಾಗ ಒಬ್ಬರು ನಂದಿಬಟ್ಟಲ ರಸ ಹೇಳುತ್ತಾರೆ. ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಇನ್ನೊಬ್ಬರು ಜೇನುತುಪ್ಪ ಬಿಡಿ ಎನ್ನುತ್ತಾರೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ಹೋದರೆ ಮತ್ತೊಬ್ಬರು ಕೈಗೆ ಬಾಟಲಿಯನ್ನೇ ಕೊಡುತ್ತಾರೆ. ಎಲ್ಲರ ಮಾತೂ ಒಂದೇ: ‘ದಿನಕ್ಕೆ ಎರಡು ಹನಿ. ತಿಂಗಳೊಳಗೆ ಸೂಜಿಗೆ ನೀವೇ ದಾರ ಪೋಣಿಸುತ್ತೀರಿ.’

ನನ್ನ ತಕರಾರು ಈ ಎರಡು ಹನಿಯ ಮೇಲೆ.

ನಾನು ಡಾಕ್ಟರಲ್ಲ. ಬಿ.ಎ., ಬಿ.ಎಡ್. ಮಾಡಿ ಈ ಮೂರು ತಾಲೂಕುಗಳ ಶಾಲೆಗಳಲ್ಲಿ ಪಾಠ ಹೇಳಿದವಳು. ಆದರೆ ಒಂದು ವಿಷಯ ಮಾತ್ರ ನನಗೆ ಚೆನ್ನಾಗಿ ಗೊತ್ತು. ಅದು ಪರೀಕ್ಷೆ. ಯಾವುದು ಪರೀಕ್ಷೆ, ಯಾವುದು ಪರೀಕ್ಷೆಯ ನಾಟಕ ಎಂದು ಹೇಳುವ ಯೋಗ್ಯತೆ ನನಗಿದೆಯೆಂದೇ ತಿಳಿದಿದ್ದೇನೆ.

ಮೊದಲು ರೋಗದ ಮಾತು. ನಲವತ್ತು ದಾಟಿದ ಮೇಲೆ ಅಕ್ಷರ ಕಾಣದಿದ್ದರೆ ಚಾಳೀಸು, ಕನ್ನಡಕ ಹಾಕಿದರೆ ಮುಗಿಯಿತು. ಅರವತ್ತರ ಮೇಲೆ ಮಂಜಾದರೆ ಪೊರೆ, ಆಪರೇಷನ್ ಮಾಡಿಸಿದರೆ ಮುಗಿಯಿತು. ಡಾ. ಎಂ. ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ಹಾಕಿ ಬಡವರ ಪೊರೆ ತೆಗೆದ ಪುಣ್ಯಕಾಲದಿಂದ ನಮ್ಮ ಜನಕ್ಕೆ ಕಣ್ಣು ಮಂಜು ಎಂದರೆ ಪೊರೆಯೇ. ಆದರೆ ಮೂರನೆಯದೊಂದಿದೆ. ಕಣ್ಣಿನ ಹಿಂಗೋಡೆಯ ಮೇಲೆ, ನಟ್ಟನಡುವೆ, ಸುಮಾರು 5 ಮಿಲಿಮೀಟರ್ ಅಗಲದ ಒಂದು ಜಾಗ. ಅದಕ್ಕೆ ಮ್ಯಾಕ್ಯುಲ ಎನ್ನುತ್ತಾರೆ. ಅಕ್ಷರ ಓದುವುದು, ಮುಖ ಗುರುತಿಸುವುದು, ಅಕ್ಕಿಯ ಕಲ್ಲು ಆರಿಸುವುದು ಎಲ್ಲ ಆ ಜಾಗದ ಕೆಲಸ. ವಯಸ್ಸಾದಂತೆ ಕೆಲವರಲ್ಲಿ ಅದೇ ಸವೆಯುತ್ತದೆ. ಇದಕ್ಕೆ ಕನ್ನಡಕವೂ ಇಲ್ಲ, ಪೊರೆಯಂತೆ ತೆಗೆದುಹಾಕುವ ಆಪರೇಷನ್ನೂ ಇಲ್ಲ.

ಈ ರೋಗದ ಕ್ರೌರ್ಯ ನೋಡಿ. ನಡುವಿನ ದೃಷ್ಟಿ ಹೋದರೂ ಬದಿಯದು ಉಳಿಯುತ್ತದೆ. ಅಜ್ಜಿಗೆ ಬಾಗಿಲ ಬದಿಯಲ್ಲಿ ಬೆಕ್ಕು ಸರಿದದ್ದು ಕಾಣುತ್ತದೆ, ಎದುರು ನಿಂತ ಮಗನ ಮುಖ ಕಾಣುವುದಿಲ್ಲ. ಮನೆಯವರು ಏನೆನ್ನುತ್ತಾರೆ? ‘ಬೆಕ್ಕು ಕಾಣುತ್ತದಂತೆ, ನಾವು ಕಾಣುವುದಿಲ್ಲವಂತೆ. ಎಲ್ಲ ನಾಟಕ!’ ಕಣ್ಣು ಹೋದ ದುಃಖದ ಮೇಲೆ ಸುಳ್ಳುಗಾತಿ ಎಂಬ ಹೆಸರು ಬೇರೆ.

ಇದರಲ್ಲಿ ಎರಡು ಬಗೆ: ಒಣಗಿದ್ದು, ಒದ್ದೆಯದು. ಬಹುಪಾಲು ಜನರಿಗೆ ಬರುವುದು ಒಣಗಿದ್ದು. ಅದು ವರ್ಷಗಟ್ಟಲೆ ನಿಧಾನವಾಗಿ ಕೆಡುತ್ತದೆ. ಒದ್ದೆಯದರಲ್ಲಿ ಬೇಡದ ರಕ್ತನಾಳಗಳು ಬೆಳೆದು ಸೋರುತ್ತವೆ; ವಾರ, ತಿಂಗಳುಗಳಲ್ಲೇ ದೃಷ್ಟಿ ಹೋಗುತ್ತದೆ. ಒದ್ದೆಯದಕ್ಕೆ ಕಣ್ಣೊಳಗೇ ಕೊಡುವ ಇಂಜೆಕ್ಷನ್ ಇದೆ. 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರಾನಿಬಿಜುಮ್ಯಾಬ್ ಎಂಬ ಔಷಧಿಯ ನಮ್ಮ ದೇಶದ್ದೇ ರೂಪ 2015ರಿಂದ ಸಿಗುತ್ತಿದೆ. ಹೊತ್ತಿಗೆ ಸರಿಯಾಗಿ ಹೋದರೆ ಇದ್ದ ದೃಷ್ಟಿಯನ್ನು ಅನೇಕರಲ್ಲಿ ಹಿಡಿದು ನಿಲ್ಲಿಸಬಹುದು. ಗಾಯ ಕಲೆಗಟ್ಟಿದ ಮೇಲೆ ಹೋದರೆ ಡಾಕ್ಟರು ತಲೆಯಾಡಿಸುತ್ತಾರೆ, ಅಷ್ಟೆ.

ಹೊಸನಗರ ತಾಲೂಕಿನ ನಮ್ಮ ಸಂಬಂಧದ ಹಿರಿಯ ಹೆಂಗಸೊಬ್ಬರಿಗೆ ಆದದ್ದು ಇದೇ. ರಂಗೋಲಿಯ ಗೆರೆ ಸೊಟ್ಟ ಕಾಣುತ್ತದೆ ಎಂದರು. ‘ವಯಸ್ಸಾಯ್ತಲ್ಲೇ, ಬಿಡು’ ಎಂದರು ಮನೆಯವರು. ಯಾರೋ ತಂದುಕೊಟ್ಟ, ಚೀಟಿಯೂ ಇಲ್ಲದ ಬಾಟಲಿಯಿಂದ ಐದು ತಿಂಗಳು ಎರಡೆರಡು ಹನಿ ಬಿಟ್ಟುಕೊಂಡರು. ಶಿವಮೊಗ್ಗಕ್ಕೆ ಹೋಗುವ ಹೊತ್ತಿಗೆ ಒಳಗೆ ಕಲೆಗಟ್ಟಿತ್ತು. ಆ ಹನಿ ಅವರ ಕಣ್ಣು ಸುಡಲಿಲ್ಲ, ನಿಜ. ಆದರೆ ಅದರ ಭರವಸೆಯಲ್ಲಿ ಕಳೆದ ಐದು ತಿಂಗಳು ಕಣ್ಣನ್ನು ತಿಂದಿತು. ‘ಹನಿಯಿಂದ ನಷ್ಟವೇನು?’ ಎಂದು ಕೇಳುವವರಿಗೆ ನನ್ನ ಉತ್ತರ ಇದು.

ಈಗ ಪರೀಕ್ಷೆಯ ಮಾತಿಗೆ ಬರುತ್ತೇನೆ. ಎಸ್.ಎಸ್.ಎಲ್.ಸಿ. ಉತ್ತರಪತ್ರಿಕೆಯ ಮೇಲೆ ಹುಡುಗನ ಹೆಸರು ಇರುವುದಿಲ್ಲ, ನಂಬರು ಇರುತ್ತದೆ. ಏಕೆ? ತಿದ್ದುವ ನಮಗೆ ಅದು ಯಾರ ಮಗು ಎಂದು ಗೊತ್ತಾಗಬಾರದು. ಗೊತ್ತಾದರೆ ಎಂಥ ಪ್ರಾಮಾಣಿಕರ ಪೆನ್ನೂ ಒಂದು ಅಂಕದಷ್ಟು ಜಾರುತ್ತದೆ. ಔಷಧಿಯ ಸರಿಯಾದ ಪರೀಕ್ಷೆಯೂ ಹೀಗೇ. ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಔಷಧಿಯ ಹನಿ, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಬರೀ ಹನಿ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಅಳೆಯುವ ಡಾಕ್ಟರಿಗೂ ಗೊತ್ತಿಲ್ಲ. ಕೊನೆಗೆ ಬುಕ್ಕು ತೆರೆದು ಲೆಕ್ಕ ಮಾಡುತ್ತಾರೆ. ನಮ್ಮ ಮನೆಗಳಲ್ಲಿ ನಡೆಯುವುದೋ? ಹನಿ ತಂದವಳೇ ಹಾಕುತ್ತಾಳೆ, ಅವಳೇ ‘ಸ್ವಲ್ಪ ವಾಸಿಯಲ್ಲವಾ?’ ಎಂದು ಕೇಳುತ್ತಾಳೆ, ಅವಳ ಮನಸ್ಸು ನೋಯಬಾರದೆಂದು ಅತ್ತೆ ‘ಹೂಂ’ ಎನ್ನುತ್ತಾರೆ. ತಾಯಿಯೇ ಮಗನ ಪೇಪರು ತಿದ್ದಿದ ಹಾಗಾಯಿತು.

ನಿಜವಾದ ಪರೀಕ್ಷೆಗೆ ಕೂತ ಹನಿಗಳೂ ಇವೆ. ಅವುಗಳ ಕಥೆ ಕೇಳಿ.

ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆ ಒಟಿ-551 ಎಂಬ ಹನಿಯನ್ನು ಒಣ ಬಗೆಯ ರೋಗ ಬಲಿತಿದ್ದ 10 ಜನರ ಮೇಲೆ ನೋಡಿತು. ಒಂದು ಕಣ್ಣಿಗೆ ದಿನಕ್ಕೆ 3 ಸಲ ಹನಿ, ಇನ್ನೊಂದಕ್ಕೆ ಇಲ್ಲ. ಹೀಗೆ 2 ವರ್ಷ. 2010ರಲ್ಲಿ ಫಲಿತಾಂಶ ಬಂತು. ಗೋಡೆಯ ಮೇಲಿನ ಅಕ್ಷರ ಓದುವುದರಲ್ಲಿ ಹನಿ ಹಾಕಿದ ಕಣ್ಣು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು, ಇನ್ನೊಂದು ಸುಮಾರು 11 ಅಕ್ಷರ ಕಳೆದುಕೊಂಡಿತ್ತು. ನಮ್ಮವರಾಗಿದ್ದರೆ ಅಂದೇ ಬಾಟಲಿಗೆ ತುಂಬಿ ಮಾರುತ್ತಿದ್ದರು! ಆದರೆ ಅವರು ಕಣ್ಣಿನ ಒಳಗನ್ನೂ ಅಳೆದಿದ್ದರು. ಸವೆದ ಜಾಗ ಎರಡೂ ಕಣ್ಣಿನಲ್ಲಿ ಒಂದೇ ತೆರನಾಗಿ ಹಬ್ಬಿತ್ತು. ಯಾವ ಕಣ್ಣಿಗೆ ಹನಿ ಎಂಬುದು ಎಲ್ಲರಿಗೂ ಗೊತ್ತಿದ್ದ, ಹತ್ತೇ ಜನರ ಪರೀಕ್ಷೆ ಅದು. ಹಾಗಾಗಿ ‘ಪ್ರಯೋಜನ ಅಲ್ಪ ಅಥವಾ ಇಲ್ಲ’ ಎಂದೇ ಬರೆದರು. ಕಂಪನಿ ನಡೆಸಿದ ದೊಡ್ಡ ಪರೀಕ್ಷೆಯಲ್ಲೂ ಆ ಹನಿ ಗೆಲ್ಲಲಿಲ್ಲ.

ಎರಡನೆಯದು ಟ್ಯಾಂಡೊಸ್ಪಿರೋನ್ ಹನಿ. 700ಕ್ಕೂ ಹೆಚ್ಚು ಜನ ಮೂರು ಗುಂಪಾಗಿ ಕೂತರು. 2015ರಲ್ಲಿ ಪ್ರಕಟವಾದ ಲೆಕ್ಕದಂತೆ ಔಷಧಿ ಹಾಕಿದ ಎರಡು ಗುಂಪುಗಳಲ್ಲೂ, ಬರೀ ಹನಿ ಹಾಕಿದ ಗುಂಪಿನಲ್ಲೂ ಸವೆತ ವರ್ಷಕ್ಕೆ ಸುಮಾರು 1.7 ಚದರ ಮಿಲಿಮೀಟರ್ ಹಬ್ಬಿತು. ಫೇಲ್. ಮೂರನೆಯದು ಶಾರ್ಕ್ ಜಾತಿಯ ಮೀನಿನಲ್ಲಿ ಮೊದಲು ಸಿಕ್ಕಿದ ಸ್ಕ್ವಾಲಮೀನ್. ಒದ್ದೆ ಬಗೆಯವರಿಗೆ ಇಂಜೆಕ್ಷನ್ ಜೊತೆ ಈ ಹನಿ ಕೊಟ್ಟು ನೋಡಿದರು. 2018ರಲ್ಲಿ ಫಲಿತಾಂಶ: ಬರೀ ಇಂಜೆಕ್ಷನ್‌ಗಿಂತ ಏನೂ ಹೆಚ್ಚಿಲ್ಲ. ಅದೂ ಫೇಲ್.

ಏಕೆ ಹೀಗೆ? ಹನಿ ಬೀಳುವುದು ಕಣ್ಣಿನ ಮುಂಬಾಗಿಲಿಗೆ, ರೋಗ ಇರುವುದು ಹಿತ್ತಿಲಿನಲ್ಲಿ. ಬಿಟ್ಟ ಹನಿಯ ಬಹುಭಾಗವನ್ನು ಕಣ್ಣೀರು ತೊಳೆದುಬಿಡುತ್ತದೆ. ಕಣ್ಣಿಗೆ ಹಾಕಿದ ಔಷಧಿಯ ಕಹಿ ಗಂಟಲಿಗೆ ಇಳಿದದ್ದು ನಿಮಗೂ ಅನುಭವವಿರಬೇಕು. ಇಷ್ಟೆಲ್ಲ ಪ್ರಯತ್ನದ ಮೇಲೂ ಈ ರೋಗಕ್ಕೆ ಪಾಸಾದ ಹನಿ ಇವತ್ತಿನವರೆಗೆ ಒಂದೂ ಇಲ್ಲ. 2023ರಲ್ಲಿ ಒಣ ಬಗೆಯ ಬಲಿತ ರೋಗಕ್ಕೆ ಅಮೆರಿಕ ಒಪ್ಪಿದ ಎರಡು ಔಷಧಿಗಳೂ ಇಂಜೆಕ್ಷನ್ನುಗಳೇ. ಅವೂ ಸವೆತವನ್ನು ಕೊಂಚ ನಿಧಾನ ಮಾಡುತ್ತವೆಯೇ ಹೊರತು ಹೋದ ದೃಷ್ಟಿ ತರುವುದಿಲ್ಲ.

ಫೇಲಾದ ಈ ಹನಿಗಳನ್ನು ನಾನು ಹಂಗಿಸುವುದಿಲ್ಲ. ಅವು ಕೂತವು, ಬರೆದವು, ಬಿದ್ದವು, ಬಿದ್ದೆವೆಂದು ಊರಿಗೆಲ್ಲ ಹೇಳಿದವು. ನನ್ನ ಸಿಟ್ಟು ಪರೀಕ್ಷೆಗೇ ಕೂರದೆ, ರ್‍ಯಾಂಕು ಬಂದೆನೆಂದು ಪೇಪರಿನಲ್ಲಿ ಫೋಟೋ ಹಾಕಿಸುವವರ ಮೇಲೆ. ಕುರುಡು, ಪೊರೆ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡಬಾರದೆಂದು 1954ರಲ್ಲೇ ಕಾನೂನಾಗಿದೆ. ಆದರೂ ಬಸ್ಸಿನ ಕಿಟಕಿಯಲ್ಲಿ, ಈಗ ಮೊಬೈಲಿನಲ್ಲಿ, ಆ ಜಾಹೀರಾತು ನಮ್ಮನ್ನು ಬಿಟ್ಟಿಲ್ಲ. ಒಪ್ಪಿಗೆ ಸಿಕ್ಕ ಹನಿಯ ಕಥೆಯೂ ಎಚ್ಚರ ಹೇಳುತ್ತದೆ. 2024ರಲ್ಲಿ ಮುಂಬಯಿಯ ಕಂಪನಿಯೊಂದು ಚಾಳೀಸಿಗೆ ಹನಿ ತಂದಿತು. ಹದಿನೈದು ನಿಮಿಷದಲ್ಲಿ ಕನ್ನಡಕ ಬೇಡವೆಂಬಂಥ ಪ್ರಚಾರ ದೇಶವೆಲ್ಲ ಹಬ್ಬಿತು. ಒಪ್ಪಿಗೆಯಿಲ್ಲದ ಮಾತುಗಳನ್ನು ಪ್ರಚಾರ ಮಾಡಿದ್ದಕ್ಕಾಗಿ ಕೇಂದ್ರದ ಔಷಧ ನಿಯಂತ್ರಕರು ಸೆಪ್ಟೆಂಬರಿನಲ್ಲಿ ಅದರ ಅನುಮತಿಯನ್ನೇ ಅಮಾನತಿನಲ್ಲಿಟ್ಟರು.

‘ಪರೀಕ್ಷೆ ಎಂದರೆ ನಮ್ಮ ಮೇಲೆ ಪ್ರಯೋಗ ಅಲ್ಲವೇ?’ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಭಯ ಸಹಜ. ಕಂಪನಿಗಳು ಧರ್ಮಕ್ಕೆ ಇದನ್ನು ಮಾಡುವುದಿಲ್ಲ ಎಂಬುದೂ ನಿಜ. ಅದಕ್ಕೇ ನಮ್ಮ ದೇಶದಲ್ಲಿ 2009ರಿಂದ ಇಂಥ ಪರೀಕ್ಷೆಗಳನ್ನು ಮೊದಲೇ ನೋಂದಾಯಿಸಬೇಕು. 2019ರ ನಿಯಮದಂತೆ ಲಿಖಿತ ಒಪ್ಪಿಗೆ ಬೇಕು, ಪರೀಕ್ಷೆಯಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕು. ಮನೆಯ ಮೂಲೆಯಲ್ಲಿ ಚೀಟಿಯಿಲ್ಲದ ಬಾಟಲಿಯಿಂದ ನಡೆಯುವುದೂ ಪ್ರಯೋಗವೇ ತಾನೆ? ಅದಕ್ಕೆ ಯಾರ ಒಪ್ಪಿಗೆ ಕೇಳಿದರು? ಕಣ್ಣು ಹೋದರೆ ಯಾರು ಪರಿಹಾರ ಕೊಟ್ಟರು?

ಎಣಿಸಿ ನೋಡುವುದರ ಬೆಲೆ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿತು. 1990ರಿಂದ ಲಸಿಕೆ ಬಂತು, ನಾವೆಲ್ಲ ನಂಬಿ ತೋಳು ಕೊಟ್ಟೆವು. ಆ ಲಸಿಕೆಗೆ ಸಾಕಷ್ಟು ಶಕ್ತಿಯಿಲ್ಲವೆಂದು ಲೆಕ್ಕವೇ ತೋರಿಸಿದ ಮೇಲೆ 2022ರಲ್ಲಿ ಅದು ನಿಂತಿತು. ನಡುವೆ ಸಾಗರ ತಾಲೂಕಿನ ಅರಳಗೋಡು ಸಾವುಗಳನ್ನು ಕಂಡಿತು. ಎಣಿಕೆ ಬೇಗ, ಗಟ್ಟಿಯಾಗಿ ನಡೆಯಬೇಕು ಎಂದು ನಾವು ಕೇಳಬೇಕೇ ಹೊರತು, ಎಣಿಕೆಯೇ ಬೇಡ ಎನ್ನಬಾರದು.

ಇನ್ನು ನಮ್ಮ ಮನೆಗಳ ವಿಚಾರ. ತೋಟದ ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಯಾರಾದರೂ ಐದು ತಿಂಗಳು ಕಾಯುತ್ತಾರೆಯೇ? 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬುದು ಗಂಡಸರಿಗೆಲ್ಲ ಬಾಯಿಪಾಠ. ಅಡಿಕೆಗೊನೆಗೆ ಹಾಕುವ ಔಷಧಿಯ ಅಳತೆ ಗೊತ್ತಿರುವ ಮನೆಯಲ್ಲಿ, ಅಮ್ಮನ ಕಣ್ಣಿಗೆ ಬಿಡುವ ಬಾಟಲಿಯಲ್ಲಿ ಏನಿದೆ ಎಂದು ಕೇಳುವವರಿಲ್ಲ. ಜೀವಮಾನವಿಡೀ ಅಡಿಕೆ ಸುಲಿದು, ಹೊಗೆಯಲ್ಲಿ ಬೇಯಿಸಿ, ಹಸೆ ಚಿತ್ತಾರದ ಎಳೆ ಎಳೆದ ಕಣ್ಣು ಅದು. ಆ ಕಣ್ಣು ಮಂಜಾದಾಗ ನಾವು ಕೊಡುವ ಔಷಧಿ ‘ವಯಸ್ಸಾಯ್ತಲ್ಲ’ ಎಂಬ ಒಂದು ಮಾತು. ಇದು ಚೀಟಿಯಿಲ್ಲದ ಬಾಟಲಿಗಿಂತ ಅಪಾಯದ ಹನಿ, ಮತ್ತು ಇದನ್ನು ಹಾಕುವವರಲ್ಲಿ ಹೆಂಗಸರಾದ ನಾವೂ ಇದ್ದೇವೆ.

ಮಾಡಬೇಕಾದದ್ದು ಕಷ್ಟದ್ದಲ್ಲ. ಐವತ್ತು ದಾಟಿದ ಪ್ರತಿಯೊಬ್ಬರೂ ವಾರಕ್ಕೊಮ್ಮೆ ಒಂದು ಕಣ್ಣು ಮುಚ್ಚಿ ಕಿಟಕಿಯ ಸರಳನ್ನೋ ಕ್ಯಾಲೆಂಡರಿನ ಚೌಕಗಳನ್ನೋ ನೋಡಿ, ಆಮೇಲೆ ಇನ್ನೊಂದು ಕಣ್ಣು. ಎರಡೂ ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟದ್ದರ ತಪ್ಪನ್ನು ಮುಚ್ಚಿಹಾಕುತ್ತದೆ. ನೇರ ಗೆರೆ ಸೊಟ್ಟಗೆ ಕಂಡರೆ, ನಡುವೆ ಕಪ್ಪು ಮಚ್ಚೆ ಕಂಡರೆ, ಆ ವಾರವೇ ಶಿವಮೊಗ್ಗದ ಬಸ್ಸು ಹತ್ತಿ. ಸಾಗರದಿಂದ 70 ಕಿಲೋಮೀಟರ್ ದೂರ ಕಣ್ಣಿಗಿಂತ ದೊಡ್ಡದಲ್ಲ. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರಿದ್ದರೆ ಬಿಡಿಸಿ. ಈ ರೋಗಕ್ಕೆ ಹೊಗೆ ಹಳೆಯ ನಂಟ. ರೋಗ ನಡುಹಂತದಲ್ಲಿದ್ದವರಿಗೆ ಕೆಲವು ವಿಟಮಿನ್, ಸತುವಿನ ಮಾತ್ರೆಗಳು ಮುಂದಿನ ಹಂತಕ್ಕೆ ಹೋಗುವ ಅಪಾಯವನ್ನು 5 ವರ್ಷದಲ್ಲಿ ಕಾಲು ಭಾಗದಷ್ಟು ತಗ್ಗಿಸುತ್ತವೆ ಎಂದು 2001ರಲ್ಲಿ ಪರೀಕ್ಷೆಯಿಂದಲೇ ತಿಳಿಯಿತು. ಅದೂ ಎಲ್ಲರಿಗಲ್ಲ, ಡಾಕ್ಟರು ಹೇಳಿದವರಿಗೆ ಮಾತ್ರ.

ನಾಳೆ ಒಂದು ಹನಿ ಪಾಸಾಗಬಹುದು. ಆಗಲಿ, ಸಂತೋಷ. ಅಲ್ಲಿಯವರೆಗೆ ಯಾರಾದರೂ ಬಾಟಲಿ ಹಿಡಿದು ಬಂದರೆ ಪ್ರೀತಿಯಿಂದಲೇ ಕೂರಿಸಿ, ಕಾಫಿ ಕೊಟ್ಟು ಕೇಳಿ: ಇದರೊಳಗೆ ಏನಿದೆ? ಎಷ್ಟು ಜನರ ಮೇಲೆ ನೋಡಿದ್ದಾರೆ? ಯಾವುದರ ಜೊತೆ ಹೋಲಿಸಿದ್ದಾರೆ? ಎಷ್ಟು ವರ್ಷ? ಫಲಿತಾಂಶ ಎಲ್ಲಿ ಬಂದಿದೆ? ಉತ್ತರ ಇದ್ದರೆ ಡಾಕ್ಟರಿಗೆ ತೋರಿಸೋಣ. ಇಲ್ಲದಿದ್ದರೆ ಬಾಟಲಿ ಬಂದ ದಾರಿಯಲ್ಲೇ ಹೋಗಲಿ. ಅಂಕಪಟ್ಟಿ ಇಲ್ಲದವರನ್ನು ನಾವು ಶಾಲೆಗೇ ಸೇರಿಸಿಕೊಳ್ಳುವುದಿಲ್ಲ, ಕಣ್ಣಿನೊಳಕ್ಕೆ ಸೇರಿಸಿಕೊಳ್ಳುವುದೇ?