ಮಗಳು ಪಿಸ್ತೂಲು ಹಿಡಿತೀನಿ ಅಂದರೆ



ಉಪ್ಪಿನಕಾಯಿ, ಹಪ್ಪಳ, ಸೊಸೆಯ ಮುನಿಸು ಬಿಟ್ಟು ಈ ಸಲ ಇವಳು ಪಿಸ್ತೂಲಿನ ಮಾತು ಎತ್ತಿದಳಲ್ಲ ಅಂತ ಹುಬ್ಬೇರಿಸಬೇಡಿರಿ. ಕಾರಣವಿದೆ. ನಮ್ಮ ಹೇಮಗುಡ್ಡದ ಗೆಳತಿಯೊಬ್ಬಳು ಹಿಟ್ಟಿನ ಗಿರಣಿ ಮುಂದೆ ನಿಲ್ಲಿಸಿ ಕೇಳಿದಳು: "ಅಕ್ಕಾರ, ನಮ್ಮ ಹುಡುಗಿ ಎನ್‌ಸಿಸಿ ಒಳಗ ಗುರಿ ಹೊಡದು ಫಸ್ಟ್ ಬಂದಾಳ. ಈಗ ಪಿಸ್ತೂಲಿನ ಸ್ಪರ್ಧೆಗೆ ಹೋಗ್ತೀನಿ ಅಂತಾಳ. ಅವರಪ್ಪ ಬ್ಯಾಡ ಅಂತಾರ. ನಾ ಏನ್ ಮಾಡ್ಲಿ?"

ಹೆಣ್ಣುಮಕ್ಕಳಿಗೆ ಯಾಕೆ ಬೇಕು ಆಯುಧ ಅನ್ನುವ ಮಾತು ನಮ್ಮೂರಲ್ಲಿ ಕೇಳಿದಾಗ ನನಗೆ ನಗು ಬರುತ್ತದೆ. ಇಲ್ಲಿನ ದೊಡ್ಡ ಹಬ್ಬ ದುರ್ಗೆಯ ದಸರಾ. ಆಕೆಯ ಕೈಯಲ್ಲಿ ಇರುವುದೇನು, ಲಟ್ಟಣಿಗೆಯೇ?

ಅದಿರಲಿ. ಆ ಹುಡುಗಿ ಹೇಳಿದ್ದು 'ಪ್ರಾಕ್ಟಿಕಲ್ ಪಿಸ್ತೂಲ್' ಎಂಬ ಆಟದ ವಿಷಯ. ಒಂದೇ ಕಡೆ ನಿಂತು ಹೊಡೆಯುವುದಲ್ಲ. ಓಡುತ್ತ, ಬಾಗುತ್ತ, ಗೋಡೆಯ ಮರೆಯಿಂದ ಇಣುಕುತ್ತ ಗುರಿಗಳನ್ನು ಹೊಡೆಯಬೇಕು. ಇದರ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು 1976ರಲ್ಲಿ, ಅಮೆರಿಕದಲ್ಲಿ. ವಿಶ್ವ ಸ್ಪರ್ಧೆ 2017ರಲ್ಲಿ ಫ್ರಾನ್ಸಿನಲ್ಲಿ, 2022ರಲ್ಲಿ ಥಾಯ್ಲೆಂಡಿನ ಪಟ್ಟಾಯದಲ್ಲಿ, 2025ರಲ್ಲಿ ದಕ್ಷಿಣ ಆಫ್ರಿಕದಲ್ಲಿ ನಡೆಯಿತು. ಹೆಂಗಸರಿಗೆ ಬೇರೆ ಬಹುಮಾನವೂ ಉಂಟು.

ಇದರ ಲೆಕ್ಕ ನಮ್ಮಂಥವರಿಗೆ ಬೇಗ ತಿಳಿಯುತ್ತದೆ. ರಟ್ಟಿನ ಗುರಿಯ ನಡುಭಾಗಕ್ಕೆ ಗುಂಡು ಬಿದ್ದರೆ 5 ಅಂಕ, ಅಂಚಿಗೆ ಹೋದಂತೆ ಕಡಿಮೆ. ಗುರಿ ತಪ್ಪಿದರೆ 10 ಅಂಕ ಕಳೆಯುತ್ತಾರೆ. ನಡುವೆ 'ಹೊಡೆಯಬಾರದ' ಗುರಿಗಳನ್ನೂ ನಿಲ್ಲಿಸಿರುತ್ತಾರೆ. ಅದಕ್ಕೆ ತಾಗಿದರೂ 10 ಹೋಯಿತು. ಬಂದ ಅಂಕವನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸುತ್ತಾರೆ. 20 ಸೆಕೆಂಡಿನಲ್ಲಿ 100 ಅಂಕ ತಂದವಳಿಗೆ 5 ಬಂದರೆ, 15 ಸೆಕೆಂಡಿನಲ್ಲಿ 90 ತಂದವಳಿಗೆ 6. ಎರಡನೆಯವಳೇ ಗೆದ್ದಳು! ಹಾಗಂತ ಅವಸರಪಟ್ಟು ಎರಡು ಗುರಿ ತಪ್ಪಿಸಿದರೆ ಗಳಿಸಿದ್ದೆಲ್ಲ ನೀರುಪಾಲು. ಬಸ್ಸಿನ ಹೊತ್ತಿಗೆ ಡಬ್ಬಿ ಕಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಬೇಗ ಆಗಬೇಕು, ರೊಟ್ಟಿ ಸೀಯಲೂಬಾರದು.

ಹೊಡೆಯುವ ಮುಂಚೆ ಬರಿಗೈಯಲ್ಲಿ ಅಂಗಳವನ್ನೆಲ್ಲ ಸುತ್ತಿ ನೋಡಲು ಕೆಲವು ನಿಮಿಷ ಕೊಡುತ್ತಾರೆ. ಎಲ್ಲಿ ನಿಲ್ಲಬೇಕು, ಎಷ್ಟು ಗುಂಡಾದ ಮೇಲೆ ಹೊಸದು ತುಂಬಬೇಕು ಎಂಬುದನ್ನೆಲ್ಲ ಆಗಲೇ ತಲೆಯಲ್ಲಿ ಕೂಡಿಸಿಕೊಳ್ಳಬೇಕು. ಗಂಟೆ ಹೊಡೆದ ಮೇಲೆ ಯೋಚನೆಗೆ ಪುರುಸೊತ್ತಿಲ್ಲ.

ನನಗೆ ಬಹಳ ಹಿಡಿಸಿದ್ದು ಇಲ್ಲಿನ ಕಟ್ಟುನಿಟ್ಟು. ಪಿಸ್ತೂಲು ಕೈಜಾರಿ ಬಿದ್ದರೆ ಅಲ್ಲಿಗೇ ಸ್ಪರ್ಧೆ ಮುಗಿಯಿತು. ಅದರ ಬಾಯಿ ಹಿಂದಕ್ಕೆ ತಿರುಗಿದರೂ ಅಷ್ಟೇ, ಓಡುವಾಗ ಬೆರಳು ಟ್ರಿಗರ್ ಮೇಲೆ ಉಳಿದರೂ ಅಷ್ಟೇ. ಸಾವಿರಾರು ಮೈಲಿ ದೂರದಿಂದ ಬಂದಿರಿ, ಸಾಲ ಮಾಡಿ ಬಂದಿರಿ ಅಂತ ಯಾರೂ ಕರುಣೆ ತೋರಿಸುವುದಿಲ್ಲ. ಗಂಡಸರ ಪೌರುಷಕ್ಕೂ ಇಲ್ಲಿ ರಿಯಾಯಿತಿ ಇಲ್ಲ.

ಆದರೆ ಮೊದಲ ಮೆಟ್ಟಿಲು ಇದಲ್ಲ. ನಮ್ಮ ಮಕ್ಕಳು ಸಾಮಾನ್ಯವಾಗಿ ಶುರುಮಾಡುವುದು 10 ಮೀಟರ್ ಏರ್ ಪಿಸ್ತೂಲಿನಿಂದ. ಇದರಲ್ಲಿ ಮದ್ದಿಲ್ಲ, ಗಾಳಿಯ ಒತ್ತಡಕ್ಕೆ ಸಣ್ಣ ಸೀಸದ ಗುಂಡು ಹಾರುತ್ತದೆ. ಓಡುವಂತಿಲ್ಲ, ಒಂದೇ ಕೈಯಲ್ಲಿ ಹಿಡಿದು ನಿಲ್ಲಬೇಕು. ಹತ್ತು ಅಂಕದ ಚುಕ್ಕಿ ಅಂಗಿಯ ಗುಂಡಿಯಷ್ಟೇ, 11.5 ಮಿಲಿಮೀಟರ್. 75 ನಿಮಿಷದಲ್ಲಿ 60 ಸಲ ಹೊಡೆಯಬೇಕು. ಉಸಿರು ಹದಕ್ಕೆ ಬರದೆ ಕೈ ನಿಲ್ಲುವುದಿಲ್ಲ.

ಇದರಲ್ಲೇ ನಮ್ಮ ಬೆಂಗಳೂರಿನ ದಿವ್ಯಾ ಟಿ.ಎಸ್. ಹೆಸರು ಮಾಡಿದ್ದು. 2023ರ ಮೇ ತಿಂಗಳಲ್ಲಿ ಬಾಕು ವಿಶ್ವಕಪ್ಪಿನಲ್ಲಿ ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಚಿನ್ನ ಗೆದ್ದಳು. ಸೆರ್ಬಿಯಾದವರನ್ನು ಸೋಲಿಸಿದ್ದು 16-14ರಿಂದ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಚೀನಾದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಫೈನಲ್ಲಿನಲ್ಲಿ ಅದೇ ಜೋಡಿ ಚೀನಾದವರಿಗೆ ಸೋತದ್ದೂ 14-16ರಿಂದಲೇ! ಬೆಳ್ಳಿ ಬಂತು. ಈಶಾ ಸಿಂಗ್, ಪಾಲಕ್ ಜೊತೆ ಮಹಿಳಾ ತಂಡದಲ್ಲಿ ಇನ್ನೊಂದು ಬೆಳ್ಳಿ. ಒಂದು ಸಲ ಕೂದಲೆಳೆಯಲ್ಲಿ ಗೆದ್ದು, ಮುಂದಿನ ಸಲ ಅಷ್ಟರಲ್ಲೇ ಸೋಲುವುದು ಎಂಥ ಸಂಕಟ ನೋಡಿ.

ಬೆಂಗಳೂರಿನವರೇ ಆದ ಪ್ರಕಾಶ್ ನಂಜಪ್ಪ ಅವರಿಗೆ 2013ರಲ್ಲಿ ಸ್ಪೇನಿನಲ್ಲಿದ್ದಾಗ ಮುಖದ ಒಂದು ಪಕ್ಕಕ್ಕೆ ಪಾರ್ಶ್ವವಾಯು ಬಡಿಯಿತು. ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಏರ್ ಪಿಸ್ತೂಲಿನ ಬೆಳ್ಳಿ ತಂದರು.

ವಯಸ್ಸಾಯಿತು ಅನ್ನುವವರಿಗೂ ಒಂದು ಮಾತು. ಉತ್ತರ ಪ್ರದೇಶದ ಜೋಹ್ರಿ ಹಳ್ಳಿಯ ಚಂದ್ರೋ ತೋಮರ್ ಮೊಮ್ಮಗಳನ್ನು ಕ್ಲಬ್ಬಿಗೆ ಕರೆದುಕೊಂಡು ಹೋಗಿ, ಅರವತ್ತು ದಾಟಿದ ಮೇಲೆ ತಾವೇ ಪಿಸ್ತೂಲು ಎತ್ತಿದರು. ನೀರು ತುಂಬಿದ ಜಗ್ಗು ಹಿಡಿದು ಕೈ ಪಳಗಿಸಿಕೊಂಡರಂತೆ. 2021ರಲ್ಲಿ ತೀರಿಕೊಂಡರು. ಅವರ ಮತ್ತು ಓರಗಿತ್ತಿ ಪ್ರಕಾಶಿಯವರ ಕಥೆ 2019ರಲ್ಲಿ ಹಿಂದಿ ಸಿನಿಮಾ ಆಯಿತು.

ಇನ್ನು ತಾಯಂದಿರ ಭಯ. ಮನೆಗೆ ಬಂದೂಕು ಬಂದೀತೆಂದು ಹೆದರುತ್ತೀರಿ. ಮದ್ದಿನ ಪಿಸ್ತೂಲನ್ನು ಸರಕಾರದ ಲೈಸೆನ್ಸ್ ಇಲ್ಲದೆ ಯಾರೂ ಇಟ್ಟುಕೊಳ್ಳುವಂತಿಲ್ಲ. ಖರ್ಚಿನ ಭಯ ಮಾತ್ರ ಸುಳ್ಳಲ್ಲ. ಒಳ್ಳೆಯ ಏರ್ ಪಿಸ್ತೂಲಿನ ಬೆಲೆ ನಮ್ಮಂಥವರ ಕೈಗೆ ನಿಲುಕುವುದು ಕಷ್ಟ. ಕ್ಲಬ್ಬಿನ ಪಿಸ್ತೂಲಿನಲ್ಲಿ ಕಲಿಯಲು ಬಿಡುತ್ತಾರೋ ಎಂದು ಮೊದಲು ಕೇಳಿರಿ. ಸೇರಿಸುವ ಮುಂಚೆ ಒಂದು ದಿನ ನೀವೇ ಹೋಗಿ ಹಿಂದೆ ಕುಳಿತು ನೋಡಿರಿ. ಹೇಳಿಕೊಡುವವರು ಮೊದಲ ದಿನವೇ ಗುಂಡು ಹಾರಿಸಲು ಕೊಟ್ಟರೆ ಮಗಳ ಕೈ ಹಿಡಿದು ಎದ್ದು ಬನ್ನಿರಿ. ಪಿಸ್ತೂಲಿನ ಬಾಯಿ ಎತ್ತ ಇರಬೇಕು, ಬೆರಳು ಎಲ್ಲಿರಬೇಕು ಎಂದು ಮತ್ತೆ ಮತ್ತೆ ಗದರಿಸಿ ಹೇಳುವವರಾದರೆ ಹೆಸರು ಬರೆಸಿ ಬನ್ನಿರಿ.