ಹುಂಜದ ಜಗಳಕ್ಕೆ ಯಾರು ಹೊಣೆ?

ಮಗಳು ಕೆನ್ನೆ ಹಿಡಿದುಕೊಂಡು ಒಳಗೆ ಓಡಿಬಂದಾಗ ನಾನು ಪಾತ್ರೆ ತೊಳೀತಾ ಇದ್ದೆ. ಬೆರಳ ಸಂದಿಯಲ್ಲಿ ರಕ್ತ. ಕೈಕಾಲು ತಣ್ಣಗಾಯ್ತು ಮಾರಾಯ್ರೆ. ತೊಳೆದು ನೋಡಿದರೆ ಕಣ್ಣಿನಿಂದ ಒಂದೇ ಬೆರಳಿನಷ್ಟು ಕೆಳಗೆ ಉದ್ದನೆಯ ಗೀರು. ಮೊಟ್ಟೆ ತೆಗೆಯೋಕೆ ಬಗ್ಗಿದವಳು ತಲೆ ಎತ್ತುವಷ್ಟರಲ್ಲಿ ನಮ್ಮ ಹುಂಜ ಎರಡೂ ಕಾಲು ಮುಂದೆ ಚಾಚಿ ಮುಖಕ್ಕೇ ಹಾರಿತ್ತು. ಡಾಕ್ಟರು ನೋಡಿ ಹೊಲಿಗೆ ಬೇಡ ಅಂದರು. ಆದರೆ ಒಂದು ಬೆರಳು ಮೇಲೆ ಆಗಿದ್ದರೆ? ಆ ಲೆಕ್ಕ ಈಗಲೂ ರಾತ್ರಿ ನಿದ್ದೆಗೆಡಿಸುತ್ತೆ.

ಇದು 2025ರ ಅಕ್ಟೋಬರ್ ಮಾತು. ಕೋಳಿ ಸಾಕೋ ಹುಚ್ಚು ಹತ್ತಿದ್ದು ಆ ವರ್ಷದ ಮಾರ್ಚ್‌ನಲ್ಲಿ. ಹಕ್ಕಿಜ್ವರದಿಂದ ಅಮೆರಿಕದಲ್ಲಿ ಡಜನ್ ಮೊಟ್ಟೆಯ ಸರಾಸರಿ ಬೆಲೆ ಆರು ಡಾಲರ್ ದಾಟಿದ್ದ ಹೊತ್ತು. ಏಳು ಮರಿ ತಂದೆವು, ಏಳೂ ಹೇಂಟೆ ಅಂತ ಅಂಗಡಿಯವನ ಭರವಸೆ. ಮಗಳು ಅದರಲ್ಲೊಂದಕ್ಕೆ 'ರಾಣಿ' ಅಂತ ಹೆಸರಿಟ್ಟು ತೊಡೆ ಮೇಲೆ ಕೂರಿಸಿಕೊಂಡು ಅನ್ನ ತಿನ್ನಿಸಿದಳು. ಜುಲೈನಲ್ಲಿ ಒಂದು ಬೆಳಿಗ್ಗೆ ರಾಣಿ ಗಂಟಲು ಸರಿಮಾಡಿಕೊಂಡು, ಹಳೇ ಸೈಕಲ್ ಪಂಪಿನ ಹಾಗೆ ಕೂಗಿತು. ಅವತ್ತಿಂದ ರಾಣಿ 'ರಾಜ' ಆಯ್ತು.

ಸಿಯಾಟಲ್ ನಗರದೊಳಗೆ ಇದ್ದಿದ್ದರೆ ಅಲ್ಲಿಗೇ ಕಥೆ ಮುಗೀತಿತ್ತು. ಅಲ್ಲಿ 2010ರ ಕಾನೂನಿನ ಪ್ರಕಾರ ಮನೆ ಹಿತ್ತಲಲ್ಲಿ ಎಂಟು ಕೋಳಿ ಸಾಕಬಹುದು, ಹುಂಜ ಮಾತ್ರ ಕೂಡದು. ನಾವಿರೋದು ಊರಾಚೆ, ನಮಗೆ ಆ ಕಟ್ಟು ಇರಲಿಲ್ಲ. ಪಕ್ಕದ ಮನೆಯಾತನೂ ಒಳ್ಳೆಯವನು, ವಾರಕ್ಕೆ ಆರು ಮೊಟ್ಟೆ ಕೊಟ್ಟರೆ ಕಿವಿ ಕೇಳಿಸೋದೇ ಇಲ್ಲ ಅವನಿಗೆ.

ಹುಂಜದ ಬಗ್ಗೆ ನನಗೇನೂ ಗೊತ್ತಿಲ್ಲ ಅಂತಲ್ಲ. ಪುತ್ತೂರಿನ ಕಡೆ ಹುಟ್ಟಿ ಬೆಳೆದವನು. ಕೋಳಿ ಅಂಕಕ್ಕೆ ಹುಂಜ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತುವವರನ್ನು ನೋಡಿದ್ದೇನೆ. ಆದರೆ ಅಜ್ಜಿ ಮನೆಯ ಹುಂಜಗಳು ನಮ್ಮ ಮೇಲೆ ಬಿದ್ದದ್ದು ನೆನಪಿಲ್ಲ. ಯಾಕೆ ಅಂತ ಈಗ ಯೋಚಿಸಿದರೆ ಉತ್ತರ ಸುಲಭ. ಅಜ್ಜಿ ಯಾವ ಹುಂಜವನ್ನೂ ಮುದ್ದು ಮಾಡಲಿಲ್ಲ. ಮುಸ್ಸಂಜೆ ಬುಟ್ಟಿ ಮುಚ್ಚೋದು, ಬೆಳಿಗ್ಗೆ ತೆಗೆಯೋದು, ಹಿಡಿ ಅಕ್ಕಿ ನುಚ್ಚು ಎಸೆಯೋದು, ಅಷ್ಟೇ. ಮತ್ತೆ, ಮನುಷ್ಯರಿಗೆ ಹಾರಿದ ಹುಂಜ ಮುಂದಿನ ಹಬ್ಬ ಕಾಣ್ತಿರಲಿಲ್ಲ. ಜಗಳಗಂಟ ತಳಿ ಮುಂದುವರಿಯದ ಹಾಗೆ ಅಜ್ಜಿ ಸಾರಿನ ಪಾತ್ರೆಯಲ್ಲೇ ನೋಡಿಕೊಳ್ತಿದ್ದಳು!

ನಾವು ಮಾಡಿದ್ದು ಪೂರಾ ಉಲ್ಟಾ. ಮರಿಯಿಂದ ಎತ್ತಿ ಆಡಿಸಿದ ಹುಂಜಕ್ಕೆ ಮನುಷ್ಯನ ಹೆದರಿಕೆ ಇರಲ್ಲ. ಅದರ ಲೆಕ್ಕದಲ್ಲಿ ನಾವೂ ಗುಂಪಿನವರೇ, ಅಂದರೆ ನಮ್ಮ ಜೊತೆಯೂ ಸ್ಥಾನಕ್ಕಾಗಿ ಜಗಳ ಆಡಬಹುದು. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಅನ್ನೋ ಮೇಲುಕೀಳಿನ ಕ್ರಮ ಇದೆ ಅಂತ ನಾರ್ವೆಯ ಶೆಲ್ಡರುಪ್ ಎಬ್ಬೆ 1920ರ ದಶಕದ ಆರಂಭದಲ್ಲೇ ಬರೆದಿಟ್ಟಿದ್ದಾನೆ. ಕೂಗೋದರಲ್ಲೂ ಪಾಳಿ ಇದೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದ ಹಾಗೆ ಮೊದಲು ಕೂಗೋದು ದೊಡ್ಡ ಯಜಮಾನ, ಉಳಿದವು ಆಮೇಲೆ ಸ್ಥಾನದ ಪ್ರಕಾರ. ಅದಕ್ಕೂ ಎರಡು ವರ್ಷ ಮೊದಲು ಅವರೇ, ಬೆಳಕು ನೋಡದಿದ್ದರೂ ಹುಂಜ ತನ್ನ ಒಳಗಿನ ಗಡಿಯಾರದಿಂದಲೇ ಬೆಳಗಿನ ಹೊತ್ತು ತಿಳಿಯುತ್ತೆ ಅಂತ ಹೇಳಿದ್ದರು. ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗಾಗಲ್ಲ ಅಂದುಕೊಂಡಿದ್ದ ನಮ್ಮ ಕಥೆಯ ಮುದುಕಿ ಪೂರ್ತಿ ದಡ್ಡಿಯಲ್ಲ ಬಿಡಿ, ಹುಂಜಕ್ಕೂ ಬಹುಶಃ ಹಾಗೇ ಅನ್ನಿಸುತ್ತಿರಬೇಕು.

ರಾಜ ನಮಗೆ ಮುನ್ಸೂಚನೆ ಕೊಟ್ಟಿರಲಿಲ್ಲ ಅಂತಲೂ ಅಲ್ಲ. ಸೆಪ್ಟೆಂಬರ್‌ನಲ್ಲೇ ಒಂದು ರೆಕ್ಕೆ ಕೆಳಗೆ ಬಿಟ್ಟು, ಓರೆಯಾಗಿ ಹೆಜ್ಜೆ ಹಾಕುತ್ತಾ ನನ್ನ ಸುತ್ತ ಬರ್ತಿತ್ತು. ಡ್ಯಾನ್ಸ್ ಮಾಡ್ತಿದೆ ಅಂತ ವಿಡಿಯೋ ಮಾಡಿ ಊರಿಗೆ ಕಳಿಸಿದೆವು! ಹೇಂಟೆಯ ಮುಂದೆ ಅದು ಪ್ರಣಯ. ನನ್ನ ಬೂಟಿನ ಮುಂದೆ ಮಾಡಿದರೆ ಸವಾಲು. ಕತ್ತಿನ ಗರಿ ಕೊಡೆಯ ಹಾಗೆ ಬಿಚ್ಚಿ, ತಲೆ ತಗ್ಗಿಸಿ ದಿಟ್ಟಿಸಿದರೆ ಇನ್ನು ಹಾರೋದೊಂದೇ ಬಾಕಿ.

ಗೀರಿನ ಘಟನೆ ಆದಮೇಲೆ ಉಪದೇಶಗಳ ಮಳೆ. ಕಾಲು ಹಿಡಿದು ತಲೆಕೆಳಗೆ ನೇತುಹಾಕು, ನೆಲಕ್ಕೆ ಒತ್ತಿ ಹಿಡಿ, ಝಾಡಿಸಿ ಒದಿ, ಯಾರು ಬಾಸ್ ಅಂತ ತೋರಿಸು... ನಾನೂ ಸಿಟ್ಟಿನಲ್ಲಿ ಎರಡು ಸಲ ಒದ್ದೆ, ಸುಳ್ಳು ಯಾಕೆ ಹೇಳಲಿ. ಪರಿಣಾಮ? ನನ್ನನ್ನು ಕಂಡರೆ ಬೇಲಿಯ ಆ ತುದಿಯಿಂದ ಓಡಿಬರೋದಕ್ಕೆ ಶುರು. ಒದ್ದರೆ ನಾವು ಎದುರಾಳಿ ಅಂತ ಖಾತ್ರಿ ಮಾಡಿದ ಹಾಗೆ. ಹೆದರಿ ಹಿಂದೆ ಸರಿದರೆ ಅದು ಗೆದ್ದ ಹಾಗೆ. ತಲೆಕೆಳಗೆ ನೇತುಹಾಕೋದಂತೂ ಅದಕ್ಕೆ ಉಸಿರಾಟದ ಕಷ್ಟ, ನಮಗೆ ಬರೀ ಸಮಾಧಾನ.

ಕೆಲಸಕ್ಕೆ ಬಂದದ್ದು ತುಂಬಾ ಬೋರಿಂಗ್ ಉಪಾಯ. ಒಂದು ಅಗಲವಾದ ಪ್ಲಾಸ್ಟಿಕ್ ಮುಚ್ಚಳ ಕೈಯಲ್ಲಿ, ಕಾಲಿಗೆ ಉದ್ದ ಬೂಟು. ಅದು ಬಂದರೆ ಒದೆಯೋದಿಲ್ಲ, ಓಡೋದಿಲ್ಲ, ಮುಚ್ಚಳ ಅಡ್ಡ ಹಿಡಿದು ನಿಲ್ಲೋದು. ಅದು ಬೇರೆ ಕಡೆ ತಿರುಗಿ ಮಣ್ಣು ಕೆದಕೋ ತನಕ ನಿಂತೇ ಇರೋದು. ಅದರ ಎದುರಿಗೆ ಹೇಂಟೆಗಳನ್ನು ಹಿಡಿಯೋದಿಲ್ಲ. ಹೇಂಟೆ ಕಿರುಚಿದರೆ ಅದು ಬಾರದೆ ಇರುತ್ತದೆಯೇ? ಅದರ ಕೆಲಸವೇ ಅದು. ಮೂರು ವಾರದಲ್ಲಿ ನನ್ನ ಮಟ್ಟಿಗೆ ಯುದ್ಧವಿರಾಮ.

ಇನ್ನೊಂದು ತಪ್ಪು ನಮ್ಮದೇ. ಒಂದು ಹುಂಜಕ್ಕೆ ಹತ್ತು ಹೇಂಟೆಯಾದರೂ ಇರಬೇಕು ಅಂತಾರೆ, ನಮ್ಮಲ್ಲಿ ಆರೇ. ಪಾಪ, ಎರಡು ಹೇಂಟೆಗಳ ಬೆನ್ನಿನ ಗರಿಯೆಲ್ಲ ಉದುರಿತ್ತು. ಅವಕ್ಕೆ ಬಟ್ಟೆಯ ಜೀನು ಹೊಲಿದು ಕಟ್ಟಿದ್ದೇವೆ. ಊರಲ್ಲಿ ಯಾರಾದ್ರೂ ನೋಡಿದರೆ ನಗ್ತಾರೆ.

ಇಷ್ಟಾದರೂ ಯಾಕೆ ಇಟ್ಟುಕೊಂಡಿದ್ದೀಯ ಅಂತ ಹೆಂಡತಿಯ ಪ್ರಶ್ನೆ. ನವೆಂಬರಿನ ಒಂದು ಮಧ್ಯಾಹ್ನ ರಾಜ ಒಂದೇ ಉದ್ದ ಸ್ವರದಲ್ಲಿ ಕೀರಿತು, ಆರೂ ಹೇಂಟೆಗಳು ಪೊದೆಯೊಳಗೆ ಮಾಯ. ಮೇಲೆ ನೋಡಿದರೆ ಗಿಡುಗ. ಆಕಾಶದ ಶತ್ರುವಿಗೆ ಒಂದು ಕೂಗು, ನೆಲದ ಶತ್ರುವಿಗೆ ಬೇರೆ ಕೂಗು ಅದರದ್ದು. ತಾನು ಮಾತ್ರ ಬಯಲಲ್ಲೇ ನಿಂತಿತ್ತು. ಹುಳ ಸಿಕ್ಕರೂ ತಾನು ತಿನ್ನದೆ ಎತ್ತಿ ಬೀಳಿಸಿ, ಹೇಂಟೆಯನ್ನು ಕರೆದು ಕೊಡುತ್ತೆ. (ಕೆಲವು ಸಲ ಹುಳ ಇಲ್ಲದೆಯೂ ಕರೆಯುತ್ತೆ, ಅದು ಬೇರೆ ವಿಷಯ.)

ನನಗೆ ಸಿಟ್ಟು ಬರೋದು "ಒಳ್ಳೆಯ ಮನೆಗೆ ಉಚಿತ, ಸಾಧು ಸ್ವಭಾವ" ಅನ್ನೋ ಜಾಹೀರಾತು ನೋಡಿದಾಗ. ಹೊಡೆಯುವ ಹುಂಜವನ್ನು ಸುಳ್ಳು ಹೇಳಿ ದಾಟಿಸಿದರೆ ಇನ್ನೊಬ್ಬರ ಮಗುವಿನ ಕಣ್ಣಿಗೆ ಯಾರು ಜವಾಬು? ಪುಕ್ಕಟೆ ಹುಂಜ ಒಯ್ಯುವವನ ಮನಸ್ಸಲ್ಲಿ ಏನಿದೆ ಅಂತ ಹೇಗೆ ಗೊತ್ತು? ಕೋಳಿ ಅಂಕ ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಅಪರಾಧ, ಕೊನೆಗೆ ಉಳಿದಿದ್ದ ಲೂಸಿಯಾನದಲ್ಲೂ 2008ರಲ್ಲಿ ನಿಂತಿತು. ಕದ್ದುಮುಚ್ಚಿ ಮಾತ್ರ ನಡೆದೇ ಇದೆ. ನಾನೂ ಜಾಹೀರಾತು ಹಾಕಿದೆ, "ಹಾರಿ ಹೊಡೆಯುತ್ತದೆ, ಮಕ್ಕಳಿರುವ ಮನೆಗೆ ಬೇಡ" ಅಂತ. ಒಂದು ಫೋನೂ ಬರಲಿಲ್ಲ.

ಹಾಗಾಗಿ ಮಗಳ ಹತ್ತಿರ ಮುಚ್ಚಿಡದೆ ಹೇಳಿದ್ದೇನೆ. ನಾನಿಲ್ಲದೆ ಅವಳು ಬೇಲಿಯೊಳಗೆ ಹೋಗೋ ಹಾಗಿಲ್ಲ. ವಸಂತದಲ್ಲಿ ಅದರ ಮೈಬಿಸಿ ಮತ್ತೆ ಏರುತ್ತೆ. ಇನ್ನೊಂದು ಸಲ ಯಾರ ಮುಖಕ್ಕಾದರೂ ಹಾರಿದರೆ ರಾಜ ಇರೋದಿಲ್ಲ, ಆ ಕೆಲಸ ನಾನೇ ಮಾಡ್ತೇನೆ, ಬೇರೆಯವರ ತಲೆಗೆ ಕಟ್ಟೋದಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಡೋ ಮೊದಲು ನನಗೆ ಹೇಳ್ಬೇಕು" ಅಂದಳು. ಆಯ್ತು ಅಂದೆ.

ಸದ್ಯಕ್ಕೆ ಮೊಟ್ಟೆ ಗೂಡಿಗೆ ಹೊರಗಡೆಯಿಂದಲೇ ಒಂದು ಬಾಗಿಲು ಕೊರೆಯಬೇಕು, ಅವಳು ಬೇಲಿಯ ಆಚೆಯಿಂದಲೇ ಮೊಟ್ಟೆ ತೆಗೆಯೋ ಹಾಗೆ. ಶನಿವಾರ ಮಳೆ ಬಿಟ್ಟರೆ ಕೀಲು, ಚಿಲಕ ತರಬೇಕು.