ಪೆಟ್ಟಿಗೆಯಲ್ಲಿ ರಾಗಿ ಹಿಟ್ಟು ಬೇಡ

ಹೊರದೇಶಕ್ಕೆ ಹೊರಡುವ ನಮ್ಮ ಮಕ್ಕಳೆಲ್ಲ ಸಂಬಳಕ್ಕೆಂದೇ ಹೋಗುವುದಿಲ್ಲ. ವಿಶ್ವಸಂಸ್ಥೆ 1970ರಲ್ಲಿ ಸ್ವಯಂಸೇವಕರ ಕಾರ್ಯಕ್ರಮವೊಂದನ್ನು ಸ್ಥಾಪಿಸಿತು. ಇಂಥ ಸಂಸ್ಥೆಗಳ ಮೂಲಕ ವರ್ಷವೋ ಎರಡು ವರ್ಷವೋ ಶಾಲೆ, ಆಸ್ಪತ್ರೆಗಳಲ್ಲಿ ದುಡಿದು ಬರುವವರೂ ಇದ್ದಾರೆ. ಮಗ ಅಥವಾ ಮಗಳು ಹೀಗೆ ಹೊರಟಾಗ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ತಂದೆತಾಯಿಯರು ಕೇಳುವುದು ಒಂದೇ ಮಾತು: "ಮೇಷ್ಟ್ರೇ, ಏನೇನು ಕಟ್ಟಿಕೊಡೋಣ?" ಕೀನ್ಯಾಕ್ಕೆ ಹೊರಟವರನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ತಾಯಿಯ ಕೈ ಮೊದಲು ಹೋಗುವುದು ರಾಗಿ ಹಿಟ್ಟಿನ ಡಬ್ಬಕ್ಕೆ. ವಿಮಾನದಲ್ಲಿ ಒಂದು ಪೆಟ್ಟಿಗೆಗೆ ಸಾಮಾನ್ಯವಾಗಿ 23 ಕೆ.ಜಿ. ಮಿತಿ. ಐದು ಕೆ.ಜಿ. ಹಿಟ್ಟು ತುಂಬಿದರೆ ಐದರಲ್ಲೊಂದು ಪಾಲು ಅಲ್ಲಿಗೇ ಹೋಯಿತು. ತಮಾಷೆಯೆಂದರೆ ರಾಗಿಯ ತವರೇ ಪೂರ್ವ ಆಫ್ರಿಕದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅದು ನಮ್ಮಲ್ಲಿಗೆ ಬಂದದ್ದು ಅಲ್ಲಿಂದ. ಸ್ವಾಹಿಲಿಯಲ್ಲಿ ಅದಕ್ಕೆ 'ವಿಂಬಿ' ಎನ್ನುತ್ತಾರೆ. ಇನ್ನು ಅವರ 'ಉಗಾಲಿ' ಎಂದರೆ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಮರದ ಕೋಲಿನಿಂದ ತಿರುವಿದ್ದು; ನಮ್ಮ ಮುದ್ದೆಯ ದಾಯಾದಿಯೇ ಸರಿ. ಬೇಕಾದರೆ ಸಾರಿನ ಪುಡಿ ಕಟ್ಟಿಕೊಡಿ, ಸಾಕು.

ಕೊಬ್ಬರಿ ಗಿಟುಕನ್ನಂತೂ ಪೆಟ್ಟಿಗೆಗೆ ಹಾಕಲೇಬೇಡಿ. ಒಣ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು. ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ತನ್ನಷ್ಟಕ್ಕೇ ಕಾವೇರಬಲ್ಲದು. ಅದಕ್ಕೇ ವಿಮಾನಯಾನದ ನಿಯಮಗಳಲ್ಲಿ ಅದು ಅಪಾಯದ ಸರಕು. ಮೊಬೈಲಿಗೆ ವಿದ್ಯುತ್ ತುಂಬುವ ಪವರ್ ಬ್ಯಾಂಕ್ ಕೂಡ ಪೆಟ್ಟಿಗೆಯಲ್ಲಿ ಇರಕೂಡದು, ಕೈಚೀಲದಲ್ಲೇ ಇರಬೇಕು. ಸಾಮಾನನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತುವ ಅಭ್ಯಾಸವನ್ನೂ ಬಿಡಿ. ಕೀನ್ಯಾ 2017ರ ಆಗಸ್ಟಿನಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ. ಬಟ್ಟೆಯ ಚೀಲ ಹೊಲಿಸಿಕೊಡಿ.

"ಆಫ್ರಿಕ ಅಂದ್ರೆ ಬರೀ ಬಿಸಿಲು, ಸ್ವೆಟರ್ ಯಾಕೆ?" ಎನ್ನುವವರಿಗೆ ಒಂದು ಲೆಕ್ಕ. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ, ನೈರೋಬಿ ಸುಮಾರು 1,700 ಮೀಟರ್. ಒಂದು ಕಿಲೋಮೀಟರ್ ಮೇಲೇರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಉಳಿದದ್ದನ್ನು ಮಕ್ಕಳೇ ಲೆಕ್ಕ ಹಾಕಲಿ. ಜೂನ್, ಜುಲೈ ಅಲ್ಲಿ ಚಳಿಯ ತಿಂಗಳುಗಳು. ಅಲ್ಲಿನ ವಿದ್ಯುತ್ ನಮ್ಮದರಂತೆಯೇ ಇದ್ದರೂ ಪ್ಲಗ್ಗಿಗೆ ಚಪ್ಪಟೆಯಾದ ಮೂರು ಕಡ್ಡಿ. ಅಡಾಪ್ಟರ್ ಒಂದು ಜೊತೆಗಿರಲಿ.

ಇಷ್ಟರಲ್ಲಿ ಯಾವುದನ್ನು ಮರೆತರೂ ನಡೆದೀತು. ಹಳದಿ ಜ್ವರದ ಲಸಿಕೆಯ ಪುಸ್ತಕ ಮರೆತರೆ ನಡೆಯದು. ಸರ್ಕಾರ ಗೊತ್ತುಮಾಡಿದ ಕೇಂದ್ರದಲ್ಲಿ, ಹೊರಡುವುದಕ್ಕೆ ಹತ್ತು ದಿನವಾದರೂ ಮುಂಚೆ ಹಾಕಿಸಿಕೊಳ್ಳಬೇಕು. ಆ ಪ್ರಮಾಣಪತ್ರ ಈಗ ಜೀವನಪರ್ಯಂತ ನಡೆಯುತ್ತದೆ. ಅದಿಲ್ಲದೆ ಕೀನ್ಯಾದಿಂದ ನೇರ ವಾಪಸು ಬಂದವರನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ದಿನವೂ ನುಂಗುವ ಮಾತ್ರೆಗಳಿದ್ದರೆ ಅಂಗಡಿಯ ಪಟ್ಟಿಯಲ್ಲೇ ಇರಲಿ, ಡಾಕ್ಟರ ಚೀಟಿ ಜೊತೆಗಿರಲಿ.

ವಿಕ್ಟೋರಿಯಾ ಸರೋವರದ ಕಡೆ ಕೆಲಸವಾದರೆ ಮಲೇರಿಯಾ ಬಹಳ. ತಡೆಗಟ್ಟುವ ಮಾತ್ರೆಯ ಬಗ್ಗೆ ಡಾಕ್ಟರನ್ನು ಮೊದಲೇ ಕೇಳಿ, ಸೊಳ್ಳೆಪರದೆಯನ್ನೂ ಪೆಟ್ಟಿಗೆಗೆ ಹಾಕಿ. ಊರಿಗೆ ಬಂದು ತಿಂಗಳುಗಳಾದ ಮೇಲೆ ಜ್ವರ ಕಾಣಿಸಿಕೊಂಡರೂ ಮಾಮೂಲಿ ಜ್ವರವೆಂದು ಮನೆಯಲ್ಲೇ ಮಲಗಿಸಬೇಡಿ. ಅಂದೇ ಆಸ್ಪತ್ರೆಗೆ ಕರೆದೊಯ್ದು, ಕೀನ್ಯಾದಲ್ಲಿ ಇದ್ದು ಬಂದದ್ದನ್ನು ಮೊದಲ ಮಾತಾಗಿ ಹೇಳಿ, ರಕ್ತ ಪರೀಕ್ಷೆ ಮಾಡಿಸಿ.